ರೆಕ್ಕೆಯಿಲ್ಲದ ಹದ್ದು, ಅಟ್ಟದ ಮೇಲಿನ ಒನಕೆ

ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿರುವ ಇಂಗ್ಲೆಂಡಿನ ರೆಡಿಂಗ್ ಮ್ಯೂಸಿಯಂನಲ್ಲಿ ಗೇಣೆತ್ತರವೂ ಇಲ್ಲದ ಒಂದು ಕಂಚಿನ ಹದ್ದು ಇದೆ. ರೆಕ್ಕೆಗಳು ಎಂದೋ ಮುರಿದು ಹೋಗಿವೆ. 1866ರಲ್ಲಿ, ಸಿಲ್ಚೆಸ್ಟರ್ ಎಂಬ ಹಳ್ಳಿಯ ಹೊಲಗಳ ಅಡಿಯಲ್ಲಿದ್ದ ರೋಮನ್ ಪಟ್ಟಣವನ್ನು ಅಗೆಯುವಾಗ ಅದು ಸಿಕ್ಕಿತು. ನನ್ನ ಮಗಳು ಅದನ್ನಿಟ್ಟ ಗಾಜಿಗೆ ಮೂಗು ಒತ್ತಿ ನಿಂತವಳು ಹತ್ತು ನಿಮಿಷ ಕದಲಲಿಲ್ಲ. ಹಿಂದಿನ ವಾರವಷ್ಟೇ ಅವಳು ರೋಸ್‌ಮರಿ ಸಟ್‌ಕ್ಲಿಫ್ ಬರೆದ 'ದಿ ಈಗಲ್ ಆಫ್ ದಿ ನೈಂತ್' ಓದಿ ಮುಗಿಸಿದ್ದಳು.

1954ರಲ್ಲಿ ಬಂದ ಆ ಕಾದಂಬರಿ ಹುಟ್ಟಿದ್ದು ಎರಡು ಒಗಟುಗಳಿಂದ. ಒಂದು, ಈ ಹದ್ದು. ಇನ್ನೊಂದು, ರೋಮನ್ನರ ಒಂಬತ್ತನೆಯ ಸೇನಾದಳ. ಯಾರ್ಕ್‌ನಲ್ಲಿ ಸಿಕ್ಕಿರುವ ಕ್ರಿ.ಶ. 108ರ ಶಾಸನದ ಆಚೆಗೆ ಬ್ರಿಟನ್ನಿನಲ್ಲಿ ಆ ದಳದ ಸುಳಿವು ಸಿಗುವುದಿಲ್ಲ. ಇಡೀ ದಳ ಉತ್ತರದ ಮಂಜಿನಲ್ಲಿ ಮರೆಯಾಯಿತು, ಅದರ ಲಾಂಛನವಾದ ಹದ್ದನ್ನು ಹುಡುಕಿಕೊಂಡು ದಳಪತಿಯೊಬ್ಬನ ಮಗ ಹೊರಟ ಎಂದು ಸಟ್‌ಕ್ಲಿಫ್ ಕಲ್ಪಿಸಿದರು. ಕಾಲಿಗೆ ಪೆಟ್ಟಾಗಿ ಸೇನೆ ಬಿಟ್ಟ ಆ ಮಗ ಮಾರ್ಕಸ್ ಕಣ್ಣಿನ ವೈದ್ಯನ ವೇಷ ಹಾಕಿ ಹೇಡ್ರಿಯನ್ ಗೋಡೆಯ ಆಚೆಗೆ ನಡೆಯುತ್ತಾನೆ. ಜೊತೆಯಲ್ಲಿ ಎಸ್ಕಾ. ಮೊದಲು ಅವನ ಗುಲಾಮ, ಆಮೇಲೆ ಗೆಳೆಯ.

ಸಂಶೋಧಕರು ಈಗ ಬೇರೆ ಹೇಳುತ್ತಾರೆ. ಆ ಹದ್ದು ಸೇನೆಯ ಲಾಂಛನವಲ್ಲ, ಯಾವುದೋ ದೊಡ್ಡ ವಿಗ್ರಹದ ಭಾಗವಾಗಿದ್ದಿರಬೇಕು. ಒಂಬತ್ತನೆಯ ದಳದ ಮುದ್ರೆಯಿರುವ ಹೆಂಚುಗಳು ನೆದರ್ಲೆಂಡ್ಸ್‌ನಲ್ಲೂ ಸಿಕ್ಕಿರುವುದರಿಂದ ಅದು ಇಲ್ಲೇ ನಾಶವಾಯಿತು ಎನ್ನುವುದಕ್ಕೂ ಈಗ ಬಲ ಕಡಿಮೆ. ಮ್ಯೂಸಿಯಂನ ಫಲಕ ಓದಿ ಮಗಳ ಮುಖ ಸಣ್ಣಗಾಯಿತು. "ಅಮ್ಮಾ, ಹಾಗಾದ್ರೆ ಅದೆಲ್ಲಾ ಸುಳ್ಳಾ?"

ಈ ಪ್ರಶ್ನೆಗೆ ನಾನು ಅಲ್ಲಿ ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದು ಅದೇ ಪುಸ್ತಕ ತೆಗೆದು ಒಂದು ಭಾಗವನ್ನು ಮತ್ತೆ ಒಟ್ಟಿಗೆ ಓದಿದೆವು. ರೋಮನ್ನರು ತಂದ ವ್ಯವಸ್ಥೆಯನ್ನು ನಿನ್ನ ಜನ ಯಾಕೆ ಒಪ್ಪುವುದಿಲ್ಲ ಎಂದು ಮಾರ್ಕಸ್ ಕೇಳಿದಾಗ ಎಸ್ಕಾ ಭಾಷಣ ಮಾಡುವುದಿಲ್ಲ. ಒಂದು ಕಠಾರಿಯ ಒರೆಯನ್ನು ತೋರಿಸುತ್ತಾನೆ. ಅದರ ಮೇಲಿನ ಚಿತ್ತಾರ ಅಳೆದು ತೂಗಿ ಕೂರಿಸಿದ್ದು, ಒಂದರಂತೆ ಇನ್ನೊಂದು. ಆಮೇಲೆ ತನ್ನ ಜನ ಮಾಡಿದ ಗುರಾಣಿಯ ಗುಬ್ಬಿಯನ್ನು ನೋಡೆನ್ನುತ್ತಾನೆ. ಅಲ್ಲಿ ಗೆರೆಗಳು ನೀರಿನಂತೆ, ಗಾಳಿಯಂತೆ ಬಳುಕುತ್ತವೆ. ನಿಮ್ಮ ಲೋಕ ನಮಗೆ ಅರ್ಥವಾಗುವ ಹೊತ್ತಿಗೆ ನಮ್ಮದೇ ಲೋಕ ಮರೆತುಹೋಗಿರುತ್ತದೆ ಎಂಬುದು ಅವನ ಚಿಂತೆ. ಗೆದ್ದವರ ಊರಿನಲ್ಲಿ ಸೋತವನಿಗೆ ಇಷ್ಟು ಗೌರವದ ಮಾತು ಕೊಟ್ಟ ಮಕ್ಕಳ ಪುಸ್ತಕಗಳು ನನಗೆ ಹೆಚ್ಚು ಸಿಕ್ಕಿಲ್ಲ. ಒಂಬತ್ತನೆಯ ದಳ ಎಲ್ಲಿಗಾದರೂ ಹೋಗಿರಲಿ, ಈ ಪುಟ ಸುಳ್ಳಾಗುವುದಿಲ್ಲ.

ಸಟ್‌ಕ್ಲಿಫ್ ಹುಟ್ಟಿದ್ದು 1920ರಲ್ಲಿ. ಎಳವೆಯಲ್ಲೇ ಕೀಲುಗಳ ಕಾಯಿಲೆ ಬಂದು ಬಾಳಿನ ಬಹುಭಾಗ ಗಾಲಿಕುರ್ಚಿಯಲ್ಲಿ ಕಳೆದವರು. ಅಕ್ಷರ ಓದಲು ಕಲಿತದ್ದು ತಡವಾಗಿ. ಅಲ್ಲಿಯವರೆಗೆ ತಾಯಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅದೇ 1920ರಲ್ಲಿ ಹುಟ್ಟಿದವರು ನಮ್ಮ ಕಾದಂಬರಿಕಾರ ತ.ರಾ.ಸು. ಚಿತ್ರದುರ್ಗದ ಕಲ್ಲುಗಳಿಗೆ ಅವರಷ್ಟು ಮಾತು ಕೊಟ್ಟವರು ಬೇರೆ ಇಲ್ಲ. 'ಕಂಬನಿಯ ಕುಯಿಲು', 'ರಕ್ತರಾತ್ರಿ', ಕೊನೆಗೆ 1982ರ 'ದುರ್ಗಾಸ್ತಮಾನ' ಓದಿ ಬೆಳೆದವಳು ನಾನು. ಆದರೆ ಇಲ್ಲಿ ಹುಟ್ಟಿ, ಶನಿವಾರದ ತರಗತಿಯಲ್ಲಿ ಕಾಗುಣಿತ ಕಲಿತ ಹನ್ನೊಂದು ವರ್ಷದ ಹುಡುಗಿಯ ಕೈಗೆ 'ದುರ್ಗಾಸ್ತಮಾನ' ಕೊಡಲಾರೆ. ಅವಳ ಕನ್ನಡಕ್ಕೆ ಎಟುಕುವ, ಅವಳ ಬುದ್ಧಿಗೆ ಕಡಿಮೆಯಾಗದ ಐತಿಹಾಸಿಕ ಕಾದಂಬರಿ ಬೇಕು. ಎಳೆಯರಿಗೆಂದು ನಮ್ಮಲ್ಲಿ ಬಂದಿರುವುದರಲ್ಲಿ ಜೀವನಚರಿತ್ರೆಗಳೇ ಹೆಚ್ಚು. ಅವುಗಳಲ್ಲಿ ರಾಜ ಯಾವಾಗಲೂ ಧೀರ, ಶತ್ರು ಯಾವಾಗಲೂ ಕ್ರೂರಿ. ಮಕ್ಕಳು ಎರಡನೇ ಪುಟಕ್ಕೇ ಆಕಳಿಸುತ್ತಾರೆ.

ಹಾಗಾಗಿ ಚಿತ್ರದುರ್ಗದ ಓಬವ್ವನ ಕಥೆಯನ್ನು ನಾನೇ ಹೇಳಿದೆ. ಹೈದರಾಲಿಯ ಮುತ್ತಿಗೆ, ಕಹಳೆಯವನಾದ ಗಂಡ ಊಟಕ್ಕೆ ಕೂತ ಹೊತ್ತು, ನೀರಿಗೆ ಹೋದ ಓಬವ್ವ, ಬಂಡೆಗಳ ನಡುವಿನ ಕಿಂಡಿಯಲ್ಲಿ ನುಸುಳುತ್ತಿದ್ದ ಸೈನಿಕರು, ಅವರನ್ನು ಬಡಿದ ಒನಕೆ. ಒನಕೆ ಎಂದರೆ ಏನೆಂದು ಕೇಳಿದಳು. ಇಂಗ್ಲಿಷಿನಲ್ಲಿ ಪೆಸಲ್ ಅಂದೆ. ಅವಳು ಅಡುಗೆಮನೆಗೆ ಓಡಿ, ನಾನು ಏಲಕ್ಕಿ ಜಜ್ಜುವ ಪುಟ್ಟ ಕುಟ್ಟಾಣಿಯ ಗುಂಡನ್ನು ಕೈಯಲ್ಲಿ ಹಿಡಿದು ಬಂದಳು. ಮುಖದ ತುಂಬ ಅಪನಂಬಿಕೆ. ಅಲ್ಲಿಗೆ ಕಥೆ ನಿಂತಿತು.

ಆ ವರ್ಷದ ರಜೆಯಲ್ಲಿ ಹೊಸದುರ್ಗದ ಹತ್ತಿರದ ನಮ್ಮತ್ತೆಯ ಮನೆಗೆ ಹೋದಾಗ ಅಟ್ಟದಿಂದ ಒನಕೆ ಇಳಿಸಿದೆವು. ಮಗಳಿಗಿಂತ ಉದ್ದ. ತುದಿಯ ಕಬ್ಬಿಣದ ಅಣಸು ತುಕ್ಕು ಹಿಡಿದಿತ್ತು; ನಡುವೆ, ಕೈ ಹಿಡಿಯುವ ಕಡೆ, ಮರ ಸವೆದು ನುಣುಪಾಗಿತ್ತು. "ಎತ್ತು ನೋಡಾನ, ಮಗಾ" ಎಂದರು ಅತ್ತೆ. ಎರಡೂ ಕೈಯಲ್ಲಿ ಎತ್ತಿ ನಾಲ್ಕು ಸಲ ಒರಳಿಗೆ ಹಾಕುವಷ್ಟರಲ್ಲಿ ಅವಳ ಅಂಗೈ ಕೆಂಪಾಯಿತು. "ಅಜ್ಜೀ, ಓಬವ್ವಂಗೆ ಎಷ್ಟು ಕೈ ನೋವಾಗಿರಬೇಕು!"

'ನಾಗರಹಾವು' ಚಿತ್ರದಲ್ಲಿ ಓಬವ್ವನಾಗಿ ಜಯಂತಿಯವರನ್ನು ಎಷ್ಟೋ ಸಲ ನೋಡಿ ಮೈ ಜುಮ್ಮೆಂದ ನನಗೆ ಈ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ದಿನಾ ಭತ್ತ ಕುಟ್ಟಿದ ತೋಳು ಓಬವ್ವನದು. ಮಕ್ಕಳಿಗೆ ಚರಿತ್ರೆ ಹಿಡಿಸುವುದು ಇಂಥ ಕಡೆಯಿಂದಲೇ ಎಂದು ನನಗೆ ಆವತ್ತು ಖಾತ್ರಿಯಾಯಿತು. ಅದೆಲ್ಲಾ ಸುಳ್ಳಾ ಎಂಬ ಮಗಳ ಹಳೆಯ ಪ್ರಶ್ನೆಗೂ ಅಲ್ಲೇ ಉತ್ತರ ಹೇಳಿದೆ. 1779ರಲ್ಲಿ ದುರ್ಗ ಹೈದರನ ಕೈಸೇರಿದ್ದು ದಾಖಲೆಯಲ್ಲಿದೆ. ಕಿಂಡಿ ಇವತ್ತಿಗೂ ಇದೆ. ಓಬವ್ವನನ್ನು ಉಳಿಸಿಕೊಂಡು ಬಂದವರು ದುರ್ಗದ ಜನ, ಬಾಯಿಂದ ಬಾಯಿಗೆ. ಆಕೆ ಅಂದು ಏನು ಅಂದುಕೊಂಡಳು ಎಂಬುದನ್ನು ನಾವು ಕಲ್ಪಿಸಬೇಕು. ಮಕ್ಕಳ ಐತಿಹಾಸಿಕ ಕಾದಂಬರಿಯ ಕೊನೆಗೆ ಹೀಗೆ ಒಂದು ಪುಟ ಇರಲೇಬೇಕು: ಇಷ್ಟು ಗೊತ್ತಿರುವುದು, ಇಷ್ಟು ನಾನು ಕಟ್ಟಿದ್ದು. ಅದರಿಂದ ಕಥೆಯ ರುಚಿ ಕೆಡುವುದಿಲ್ಲ; ಮಕ್ಕಳು ಮುಂದೆ ತಾವೇ ಹುಡುಕಲು ಹೊರಡುತ್ತಾರೆ.

ಇಂಗ್ಲೆಂಡಿನ ಕನ್ನಡಿಗರಾದ ನಾವು ಬರೆಯಲೇಬೇಕಾದ ಒಂದು ಕಥೆ ಇಲ್ಲೇ, ಲಂಡನ್ನಿನಲ್ಲೇ ಇದೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯ ಆ ರಾಜ, 1834ರಲ್ಲಿ ಕೊಡಗು ಕಳೆದುಕೊಂಡು ಕಾಶಿಯಲ್ಲಿದ್ದವನು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಲ್ಲಿಗೆ ಬಂದ. ಅವಳು ಹುಟ್ಟಿದ್ದು 1841ರಲ್ಲಿ. ಇಲ್ಲಿಗೆ ಬಂದಾಗ ನನ್ನ ಮಗಳ ವಯಸ್ಸೇ. ಬಂದ ವರ್ಷವೇ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಹುಡುಗಿಯನ್ನು ಬ್ರಿಟಿಷ್ ಪಾಲಕರ ಕೈಗೆ ಒಪ್ಪಿಸಲಾಯಿತು. 1859ರಲ್ಲಿ ಅಪ್ಪ ಲಂಡನ್ನಿನಲ್ಲೇ ತೀರಿಕೊಂಡ. 1864ರಲ್ಲಿ, ಇಪ್ಪತ್ತೆರಡು ವರ್ಷಕ್ಕೆ, ಅವಳೂ ಹೋದಳು.

ಕೊಡಗನ್ನಾಳಿದ ಹಾಲೇರಿ ಅರಸರ ಆಡಳಿತದ ಭಾಷೆ ಕನ್ನಡ. ಕಾಶಿಯಲ್ಲಿ ಹುಟ್ಟಿದ ಈ ಕೂಸನ್ನು ಅಪ್ಪ ಯಾವ ಮಾತಿನಲ್ಲಿ ಮುದ್ದು ಮಾಡುತ್ತಿದ್ದ? ಹೊಸ ಹೆಸರಿಟ್ಟ ರಾತ್ರಿ ಅವಳು ತನ್ನನ್ನು ಏನೆಂದು ಕರೆದುಕೊಂಡಳು? ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು ಹೆಸರು ಇಟ್ಟುಕೊಂಡು ಬೆಳೆಯುವ ನಮ್ಮ ಮಕ್ಕಳಿಗೆ ಈ ಪ್ರಶ್ನೆಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕನ್ನಡ ಬಳಗದಲ್ಲಿ ಬರೆಯಬಲ್ಲವರು ಇದ್ದೀರಿ, ಚಿತ್ರ ಬಿಡಿಸುವವರೂ ಇದ್ದೀರಿ. ಸಣ್ಣ ವಾಕ್ಯಗಳಲ್ಲಿ, ನೂರು ಪುಟ ಮೀರದಂತೆ, ಕೊನೆಗೆ ಆ ಒಂದು ಪ್ರಾಮಾಣಿಕ ಪುಟವನ್ನು ಸೇರಿಸಿ ಗೌರಮ್ಮನ ಕಥೆ ಬರೆಯಿರಿ. ಅವಳ ಸಮಾಧಿ ಪಶ್ಚಿಮ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಬರೆಯುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು.