ಅಮ್ಮನ ಗುಳಿಗೆ, ತಂಗಿಯ ಸೂಪರ್ ವೀಸಾ

ಕಾಂದಿವಲಿ ಪಶ್ಚಿಮದಲ್ಲಿ ನನ್ನ ಅಪ್ಪಯ್ಯ, ಅಮ್ಮ ಇರುವ ಬಿಲ್ಡಿಂಗಿಗೆ ನಲವತ್ತು ವರ್ಷ ದಾಟಿದೆ. ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ, ಮಳೆಗಾಲ ಬಂತೆಂದರೆ ಅಡುಗೆಮನೆಯ ಗೋಡೆ ಅಳುತ್ತದೆ. ಈ ಉಪನಗರದ ಎಷ್ಟೋ ಹಳೆಯ ಸೊಸೈಟಿಗಳಂತೆ ಅದೂ ಈಗ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರ್ ತಿಂಗಳ ಬಾಡಿಗೆ ಕೊಡುತ್ತಾನೆ, ಮೂರು ವರ್ಷದಲ್ಲಿ ಹೊಸ ಮನೆ ಎನ್ನುತ್ತಾನೆ. ಮುಂಬಯಿಯಲ್ಲಿ ಮೂರು ಎಂದರೆ ಐದು ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಅಪ್ಪಯ್ಯನಿಗೆ ಎಪ್ಪತ್ತಾರು, ಅಮ್ಮನಿಗೆ ಎಪ್ಪತ್ತು.

ಸುದ್ದಿ ಕೇಳಿದ ದಿನವೇ ಮಿಸ್ಸಿಸಾಗದಿಂದ ತಂಗಿಯ ಫೋನು. ‘ಹೇಗೂ ಮನೆ ಖಾಲಿ ಮಾಡಬೇಕಲ್ಲ ಅಣ್ಣ, ಇಬ್ಬರೂ ಇಲ್ಲಿಗೇ ಬರಲಿ. ಸೂಪರ್ ವೀಸಾದಲ್ಲಿ ಒಮ್ಮೆ ಬಂದರೆ ಐದು ವರ್ಷ ಇರಬಹುದು.’

ಆ ಕ್ಷಣ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನೆಮ್ಮದಿಯಾಯಿತು. ಪೂರ್ವದಲ್ಲಿ, ಲೋಖಂಡ್‌ವಾಲಾ ಟೌನ್‌ಶಿಪ್ಪಿನಲ್ಲಿ ನನ್ನದು ಎರಡು ಬೆಡ್‌ರೂಮಿನ ಮನೆ. ಮಗಳು ಹತ್ತನೆಯ ತರಗತಿ, ಮಗ ಏಳನೆಯದು. ಎಲ್ಲಿ ಮಲಗಿಸುವುದು ಎಂಬ ಪ್ರಶ್ನೆಯನ್ನು ನಾನೂ ಹೆಂಡತಿಯೂ ಬಾಯಿಬಿಟ್ಟು ಆಡಿರಲಿಲ್ಲ. ಆಡದೆಯೇ ಉತ್ತರ ಕೆನಡಾದಿಂದ ಬಂದಿತ್ತು.

ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್ ನಡೆಸುವುದೇ ನನ್ನ ಕೆಲಸ. ಆ ರಾತ್ರಿಯೇ ಎಕ್ಸೆಲ್ ತೆರೆದು ಕುಳಿತೆ. ಊರಿಗೆ ಹೋಗುವಾಗ ಚೀಲ ಕಟ್ಟಿದ ಹಾಗಲ್ಲ ಇದು. ಸೂಪರ್ ವೀಸಾ ಎಂಬುದು 2011ರ ಕೊನೆಗೆ ಶುರುವಾದದ್ದು, ಆಗ ಒಂದು ಸಲಕ್ಕೆ ಎರಡು ವರ್ಷ ಇರಬಹುದಿತ್ತು, 2022ರ ಜುಲೈಯಿಂದ ಅದು ಐದಾಯಿತು. ಕರೆಯುವ ಮಗನೋ ಮಗಳೋ ಇಂತಿಷ್ಟು ಆದಾಯ ತೋರಿಸಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು, ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ವಿಮೆ ಒಂದು ವರ್ಷಕ್ಕಾದರೂ ಇರಬೇಕು. ಹೆಸರಿನಲ್ಲಿ ಸೂಪರ್ ಇದ್ದರೂ ಅವರು ಅಲ್ಲಿ ಅತಿಥಿಗಳೇ, ಸರಕಾರಿ ಆರೋಗ್ಯ ಸೇವೆ ಸಿಗುವುದಿಲ್ಲ. ಖಾಯಂ ವಾಸದ ಬಾಗಿಲು ಬೇರೆಯಿತ್ತು, ಆದರೆ ಅಲ್ಲಿ ಚೀಟಿ ಎತ್ತುತ್ತಿದ್ದರು. 2020ರಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದಲೇ ಆಮೇಲೂ ವರ್ಷ ವರ್ಷ ಎತ್ತುತ್ತ ಬಂದರು. ತಂಗಿ ಆಗ ಹೆಸರು ಕೊಟ್ಟಿರಲಿಲ್ಲ.

ಇನ್ನು ಈ ಕಡೆಯ ಕೆಲಸ. ಅಪ್ಪಯ್ಯನದು ಬ್ಯಾಂಕ್ ಪಿಂಚಣಿ, ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಎಂದು ಪ್ರಮಾಣ ಕೊಡಬೇಕು. 2014ರಲ್ಲಿ ಬಂದ ಜೀವನ್ ಪ್ರಮಾಣ್‌ನಿಂದ ಅದೀಗ ಮೊಬೈಲಿನಲ್ಲೇ ಆಗುತ್ತದೆ. ಅಪ್ಪಯ್ಯ ಮಾತ್ರ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಖುದ್ದಾಗಿ ಬ್ಯಾಂಕಿಗೇ ಹೋಗುತ್ತಾರೆ, ಹಳೆಯ ಸಹೋದ್ಯೋಗಿಗಳಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂದು ಅಲ್ಲಿ ಗೊತ್ತಾಗುತ್ತದಂತೆ. ಆರ್ಥಿಕ ವರ್ಷ ಪೂರ್ತಿ ಹೊರಗಿದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾಗುತ್ತಾರೆ, ಬಡ್ಡಿಯ ಮೇಲೆ ತೆರಿಗೆ ಮುರಿಯಬೇಡಿ ಎಂದು ಕೊಡುವ ಫಾರ್ಮ್ ಮತ್ತೆ ನಡೆಯುವುದಿಲ್ಲ. ಬಿಲ್ಡರನ ಕರಾರಿಗೆ ಸಹಿ ಹಾಕಲು ಒಬ್ಬರಾದರೂ ಇಲ್ಲಿರಬೇಕು, ಇಲ್ಲವೇ ನನ್ನ ಹೆಸರಿಗೆ ಮುಖತ್ಯಾರಪತ್ರ. ಗುಳಿಗೆಗಳನ್ನು ಹೆಚ್ಚೆಂದರೆ ತೊಂಬತ್ತು ದಿನಕ್ಕಾಗುವಷ್ಟೇ ಒಯ್ಯಬಹುದು, ಆಮೇಲೆ ಅಲ್ಲಿಯ ಡಾಕ್ಟರ ಚೀಟಿ ಬೇಕು, ಅದರ ಖರ್ಚು ತುರ್ತು ವಿಮೆಯಲ್ಲಿ ಬರುವುದಿಲ್ಲ. ಇವೆಲ್ಲ ತಲೆನೋವುಗಳು, ಆದರೆ ಪರಿಹಾರವಿರುವಂಥವು. ಒಂದೊಂದು ಸಾಲಿಗೂ ಹಸಿರು ಬಣ್ಣ ತುಂಬುತ್ತ ಹೋದೆ.

ಹಸಿರಾಗದ ಸಾಲು ಅಮ್ಮನ ಬಿಪಿ.

ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಬೇಕಾದರೆ ಅದು ‘ಸ್ಥಿರ’ವಾಗಿರಬೇಕು ಎಂದು ಈ ಪಾಲಿಸಿಗಳು ಹೇಳುತ್ತವೆ. ನಾವು ನೋಡಿದ್ದರಲ್ಲಿ ವಿಮೆ ಶುರುವಾಗುವ ಹಿಂದಿನ 180 ದಿನ ಎಂದಿತ್ತು. ಅಷ್ಟು ದಿನ ಹೊಸ ಲಕ್ಷಣ ಕಾಣಬಾರದು, ಹೊಸ ಔಷಧಿ ಸೇರಬಾರದು, ಇದ್ದ ಔಷಧಿಯ ಪ್ರಮಾಣವೂ ಬದಲಾಗಬಾರದು. ಬದಲಾದರೆ ಲೆಕ್ಕ ಮತ್ತೆ ಒಂದನೆಯ ದಿನದಿಂದ. ತಂಗಿಗೆ ಎರಡನೆಯ ಮಗು, ರಜೆ ಮುಗಿದು ಜನವರಿಯಲ್ಲಿ ಆಫೀಸು. ಡೇಕೇರಿನ ಸರದಿ ಪಟ್ಟಿ ಕರಗುತ್ತಲೇ ಇರಲಿಲ್ಲ. ಹಾಗಾಗಿ ಡಿಸೆಂಬರಿಗೆ ಟಿಕೆಟ್ ಎಂದು ಮಾತಾಗಿತ್ತು. ಅಕ್ಟೋಬರಿನಲ್ಲಿ ಅಮ್ಮನಿಗೆ ಎರಡು ಸಲ ತಲೆ ಸುತ್ತು ಬಂತು. ಡಾಕ್ಟರ ಬಳಿ ಕರೆದುಕೊಂಡು ಹೋದೆ. ಬಿಪಿ ನೋಡಿ, ಈ ಗುಳಿಗೆ ಸಾಲದು, ಇನ್ನೊಂದನ್ನು ಸೇರಿಸಬೇಕು ಎಂದರು.

ನಾನು ಇಂಗ್ಲಿಷಿನಲ್ಲಿ, ಅಮ್ಮನಿಗೆ ತಿಳಿಯದಿರಲಿ ಎಂದೇ ಇಂಗ್ಲಿಷಿನಲ್ಲಿ ಕೇಳಿದೆ. ಎರಡು ತಿಂಗಳು ತಡೆಯಬಹುದೇ? ಅವರು ಅಲ್ಲಿ ಇಳಿದ ಮೇಲೆ ಬದಲಾಯಿಸಿದರೆ ಆಗದೇ?

ಡಾಕ್ಟರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ನಂತರ ಅಮ್ಮನ ಕಡೆ ತಿರುಗಿ, ಹಿಂದಿಯಲ್ಲಿ, ನಾನು ಕೇಳಿದ್ದನ್ನು ಪೂರ್ತಿ ಹೇಳಿದರು. ವಿಮೆ, 180 ದಿನ, ಡಿಸೆಂಬರಿನ ಟಿಕೆಟ್, ತಡೆದರೆ ಏನಾಗಬಹುದು, ಎಲ್ಲ. ‘ಮಾಸಿ, ಈಗ ನೀವು ಹೇಳಿ’ ಎಂದರು.

‘ಗುಳಿಗೆ ಕೊಡಿ’ ಎಂದಳು ಅಮ್ಮ.

ರಿಕ್ಷಾದಲ್ಲಿ ಬರುವಾಗ ಅವಳು ಆ ಬಗ್ಗೆ ಏನೂ ಆಡಲಿಲ್ಲ. ಕೊತ್ತಂಬರಿ ಸೊಪ್ಪು ತೆಗೆದುಕೊಳ್ಳಬೇಕಿತ್ತು ಎಂದಳು, ಇಳಿದಳು, ತರಕಾರಿಯವನ ಹತ್ತಿರ ಎಂದಿನಂತೆ ತನ್ನ ಅರ್ಧ ಮರಾಠಿ ಅರ್ಧ ಗುಜರಾತಿಯಲ್ಲಿ ಜಗಳ ಮಾಡಿ ಎರಡು ಹಸಿಮೆಣಸು ಪುಕ್ಕಟೆ ಹಾಕಿಸಿಕೊಂಡಳು. ನನಗೆ ಮಾತ್ರ ಅವಳ ಮುಖ ನೋಡುವುದಕ್ಕಾಗುತ್ತಿರಲಿಲ್ಲ. ಪಾಲಿಸಿಯ ಷರತ್ತಿಗೆ ತಾಯಿಯ ರಕ್ತದ ಒತ್ತಡವನ್ನು ಹೊಂದಿಸಲು ಹೊರಟಿದ್ದೆ ನಾನು. ಅದೂ ಅವಳ ಸುರಕ್ಷತೆ ಎಂಬ ಹೆಸರಿನಲ್ಲಿ.

ಮನುಷ್ಯರನ್ನು ಕೇವಲ ಸಾಧನವಾಗಿ ಬಳಸಬೇಡ ಎಂದು ಕಾಂಟ್ ಹೇಳಿದ್ದನ್ನು ಕಾಲೇಜಿನಲ್ಲಿದ್ದಾಗ ಓದಿದ್ದೆ. ಆಗ ಗುಲಾಮಗಿರಿ, ಯುದ್ಧ ಇಂಥ ದೊಡ್ಡ ಉದಾಹರಣೆಗಳೇ ತಲೆಗೆ ಬರುತ್ತಿದ್ದವು. ‘ಅಮ್ಮ ನಮ್ಮ ಜೊತೆ ಇರಲಿ’ ಎಂಬ ಮಾತನ್ನು ಅದೇ ತಕ್ಕಡಿಯಲ್ಲಿ ಇಡಬೇಕಾಗುತ್ತದೆ ಎಂದು ಎಣಿಸಿರಲಿಲ್ಲ. ತಂಗಿಗೆ ಅಮ್ಮನ ಮೇಲೆ ಪ್ರೀತಿ ಇದೆ, ಅದರಲ್ಲಿ ಸಂಶಯವಿಲ್ಲ. ಮಗು ನೋಡಿಕೊಳ್ಳುವವರು ಬೇಕು ಎಂಬುದರಲ್ಲೂ ಇಲ್ಲ. ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ನಾವು ಮೊದಲನೆಯದನ್ನು ಮಾತ್ರ ಜೋರಾಗಿ ಹೇಳುತ್ತೇವೆ. ತಂಗಿಗೆ ಬುದ್ಧಿ ಹೇಳುವ ಹಕ್ಕಂತೂ ನನಗಿಲ್ಲ. ಮಗಳು ಹುಟ್ಟಿದಾಗಿನಿಂದ ಹತ್ತು ವರ್ಷ ಅಮ್ಮ ಬೆಳಿಗ್ಗೆ ಪಶ್ಚಿಮದಿಂದ ಪೂರ್ವಕ್ಕೆ ಬಂದು ಸಂಜೆ ಹಿಂತಿರುಗುತ್ತಿದ್ದಳು, ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು. ಅವಳ ಮೊಣಕಾಲಿನ ಒಂದು ಪಾಲು ನನ್ನ ಪ್ರಮೋಷನ್ನಿನಲ್ಲಿದೆ. ಮೊಮ್ಮಕ್ಕಳ ಮುಖ ಕಂಡ ಮೇಲೆ ಕಾಡಿಗೆ ಹೋಗು ಎಂದಿತು ಮನುಸ್ಮೃತಿ. ನಮ್ಮ ಕಾಲದ ವಾನಪ್ರಸ್ಥವೆಂದರೆ ಮೊಮ್ಮಕ್ಕಳ ಮುಖ ಒರೆಸಲು ವಿಮಾನ ಹತ್ತುವುದು.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ಪ್ರಕಾರ ನೋಡಿಕೊಳ್ಳದ ಮಕ್ಕಳ ಮೇಲೆ ದೂರು ಕೊಡಬಹುದು. ಕೇಳದೆ ನೋಡಿಕೊಳ್ಳುವ ಮಕ್ಕಳ ಮೇಲೆ ಯಾರಿಗೆ ದೂರು ಕೊಡುವುದು?

ಆ ವಾರ ಅಪ್ಪಯ್ಯ ನನ್ನ ಮನೆಗೆ ಬಂದರು. ‘ನೀ ಎಂತದೋ ಪಟ್ಟಿ ಮಾಡಿದ್ಯಂಬ್ರಲೆ, ಕಾಂಬ’ ಎಂದರು. ಲ್ಯಾಪ್‌ಟಾಪ್ ಎದುರಿಗೆ ಕುಳಿತು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿದರು. ನಮ್ಮ ಕಸುಬಿನಲ್ಲಿ ಪ್ರತಿ ಅಪಾಯಕ್ಕೂ ಒಬ್ಬ ಹೊಣೆಗಾರನ ಹೆಸರು ಬರೆಯುವ ಪದ್ಧತಿ. ಹಿಮದಲ್ಲಿ ಜಾರಿ ಬೀಳುವುದು: ತಂಗಿ. ಪಿಂಚಣಿ ನಿಲ್ಲುವುದು: ನಾನು. ಆಸ್ಪತ್ರೆ: ತಂಗಿಯ ಗಂಡ. ಬಿಲ್ಡರ್ ತಡ ಮಾಡುವುದು: ನಾನು. ಕೊನೆಗೊಂದು ಸಾಲು, ಅಲ್ಲೇ ತೀರಿಕೊಂಡರೆ. ಪಾಲಿಸಿಯಲ್ಲಿ ಶವವನ್ನು ಊರಿಗೆ ತರುವ ಖರ್ಚು ಸೇರಿದೆ ಎಂದು ಬರೆದು ಅದಕ್ಕೂ ಹಸಿರು ಬಣ್ಣ ಹಾಕಿದ್ದೆ.

ಅಪ್ಪಯ್ಯ ಆ ಸಾಲಿನ ಮೇಲೆ ಬೆರಳಿಟ್ಟು, ‘ಇದ್ರಲ್ಲಿ ನನ್ ಹೆಸ್ರ್ ಎಲ್ಲಿತ್ತಾ?’ ಎಂದರು. ಕೋಪವಿರಲಿಲ್ಲ, ನಿಜವಾಗಿಯೇ ಹುಡುಕುತ್ತಿದ್ದರು.

ಆಮೇಲೆ ಅವರು ಹೇಳಿದ್ದು ನನಗೆ ಗೊತ್ತಿದ್ದ ಕಥೆಯೇ, ಆದರೆ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಅಪ್ಪಯ್ಯ ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಬೊಂಬಾಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ, ಹಾಗೆಯೇ ಓದಿ ಬ್ಯಾಂಕು ಸೇರಿದವರು. 1991ರಲ್ಲಿ ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಕಾಂದಿವಲಿಗೆ ಕರೆತಂದರು. ಕೊಂಕಣ ರೈಲು ಪೂರ್ತಿಯಾಗಲು ಇನ್ನೂ ಏಳು ವರ್ಷವಿದ್ದ ಕಾಲ, ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಬಂದಳು ಅಜ್ಜಿ. ಒಂಟಿ ಮುದುಕಿ ಊರಿನಲ್ಲಿ ಹೇಗಿದ್ದಾಳು ಎಂದು ಎಲ್ಲರೂ ಹೇಳಿದ್ದರು, ಅದು ಸರಿಯೂ ಆಗಿತ್ತು. ಮೂರನೆಯ ಮಾಳಿಗೆಯ ಕಿಟಕಿಯಲ್ಲಿ ಅಜ್ಜಿ ಮೂರು ವರ್ಷ ಕುಳಿತಳು. ಹಿಂದಿ ಬರದು, ಮರಾಠಿ ಬರದು, ಮೆಟ್ಟಿಲು ಇಳಿಯಲಾಗದು. ಔಷಧಿ, ಊಟ, ಬಿಸಿನೀರು, ಯಾವುದಕ್ಕೂ ಕೊರತೆಯಿರಲಿಲ್ಲ. ದನ ಯಾರು ಕಟ್ಟುತ್ತಿದ್ದಾರೆ ಎಂದು ಕೇಳುತ್ತಿದ್ದಳು. ದನ ಮಾರಿ ಆಗಿದೆ ಎಂದು ಅಪ್ಪಯ್ಯ ಕೊನೆಯವರೆಗೂ ಹೇಳಲಿಲ್ಲವಂತೆ. 1994ರಲ್ಲಿ ಡಹಾಣೂಕರ್‌ವಾಡಿಯ ಸ್ಮಶಾನದಲ್ಲಿ ಸುಟ್ಟರು.

‘ನಾನ್ ಅವ್ಳನ್ನ ಒಂದ್ ಸಲವೂ ಕೇಂಡದ್ದಿಲ್ಲೆ’ ಎಂದರು ಅಪ್ಪಯ್ಯ. ಕೇಳಿದ್ದರೆ ಊರಲ್ಲೇ ಇರುತ್ತೇನೆ ಎನ್ನುತ್ತಿದ್ದಳು, ಆಗ ಏನು ಮಾಡುವುದೆಂದು ತಿಳಿಯದೆ ಕೇಳಲಿಲ್ಲ, ಅಷ್ಟೇ.

ಇದರ ಮುಂದೆ ನನ್ನ ಬಳಿ ವಾದವಿಲ್ಲ. ಊರಲ್ಲೇ ಬಿಟ್ಟಿದ್ದರೆ ಅಜ್ಜಿ ಬಾವಿಕಟ್ಟೆಯಲ್ಲಿ ಬಿದ್ದು ವರ್ಷದೊಳಗೆ ಸಾಯಬಹುದಿತ್ತು. ಆ ಅಪಾಯ ಅವಳದೇ ಆಗಿರುತ್ತಿತ್ತು ಎನ್ನುವುದು ಸುಲಭ, ಆದರೆ ಬಿದ್ದ ಸುದ್ದಿಯ ತಂತಿ ಬರುವುದು ಮಗನ ಹೆಸರಿಗೆ. ಹಾಗೆಂದು ಮಗನ ಭಯಕ್ಕೆ ತಾಯಿ ಕಿಟಕಿಯಲ್ಲಿ ಕೂರಬೇಕೇ? ಒಂದು ಪ್ರಾಜೆಕ್ಟಿಗಾಗಿ ಟೊರಾಂಟೊ ಪಕ್ಕ ಮೂರು ತಿಂಗಳು ಇದ್ದಾಗ ಅಂಥ ಕಿಟಕಿಗಳನ್ನು ನೋಡಿದ್ದೇನೆ. ಬೆಚ್ಚನೆಯ ಮನೆ, ತುಂಬಿದ ಫ್ರಿಜ್ಜು, ಹೊರಗೆ ಮಾರ್ಚಿನವರೆಗೂ ಹಿಮ, ಕೊತ್ತಂಬರಿ ಸೊಪ್ಪಿಗೂ ಯಾರಾದರೂ ಕಾರು ತೆಗೆಯಬೇಕು. ಅಲ್ಲೂ ಕನ್ನಡ ಸಂಘವಿದೆ, ರಾಜ್ಯೋತ್ಸವವಿದೆ, ಅದಕ್ಕೂ ಕಾರೇ ಬೇಕು. ಆ ಮನೆಗಳಲ್ಲಿ ಸುಖವಾಗಿದ್ದ ಹಿರಿಯರನ್ನೂ ನೋಡಿದ್ದೇನೆ, ಸೊಸೆಯಂದಿರಿಗಿಂತ ಮೊದಲು ಬಸ್ಸಿನ ನಂಬರು ಕಲಿತವರನ್ನು. ಯಾರು ಯಾವ ಥರದವರು ಎಂದು ವೀಸಾ ಫಾರ್ಮಿನಿಂದ ತಿಳಿಯುವುದಿಲ್ಲ, ಮಕ್ಕಳ ಊಹೆಯಿಂದಲೂ ತಿಳಿಯುವುದಿಲ್ಲ.

ನನ್ನ ಊಹೆ ತಪ್ಪಾದದ್ದೇ ಅಲ್ಲಿ. ಡಾಕ್ಟರ ಘಟನೆಯ ನಂತರ, ಅಜ್ಜಿಯ ಕಥೆಯ ನಂತರ, ಇಬ್ಬರೂ ಹೋಗುವುದಿಲ್ಲ ಎಂದು ನಾನೇ ತೀರ್ಮಾನಿಸಿ ತಂಗಿಗೆ ಹೇಳಲು ಹೊರಟಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು, ‘ನಾನು ಹೋಪುದಿಲ್ಲೆ ಅಂತ ನಿನ್ ಹತ್ರ ಹೇಳಿದ್ದ್ಯಾರ್?’ ಎಂದಳು. ಅವಳಿಗೆ ಹೋಗಬೇಕಿತ್ತು. ಮಗು ನೋಡಲು ಹೌದು. ಜೊತೆಗೆ ನಲವತ್ತೈದು ವರ್ಷ ಇದೇ ಅಡುಗೆಮನೆಯಲ್ಲಿ ನಿಂತವಳಿಗೆ ಬೇರೆ ಏನನ್ನಾದರೂ ನೋಡಬೇಕಿತ್ತು, ನಯಾಗರಾ ಅಲ್ಲಿಂದ ಎಷ್ಟು ದೂರ ಎಂದು ಮೊಮ್ಮಗನ ಮೊಬೈಲಿನಲ್ಲಿ ಆಗಲೇ ನೋಡಿಟ್ಟಿದ್ದಳು. ಆದರೆ ಗುಳಿಗೆ ಬಿಟ್ಟು ಹೋಗುವುದಿಲ್ಲ, ಚಳಿಗಾಲದಲ್ಲಿ ಇರುವುದಿಲ್ಲ, ಐದು ವರ್ಷ ಅಂತೂ ಸಾಧ್ಯವೇ ಇಲ್ಲ. ಅಪ್ಪಯ್ಯ ಬರದಿದ್ದರೆ? ‘ಅವ್ರಿಗ್ ನೀನಿದ್ಯಲ್ಲ’ ಎಂದಳು. ಅಪ್ಪಯ್ಯ ಪೇಪರಿನಿಂದ ತಲೆ ಎತ್ತದೆ, ‘ಹೋಯಿ ಬಾ’ ಎಂದರು. ಈ ವಯಸ್ಸಿನಲ್ಲಿ ಗಂಡ ಹೆಂಡಿರನ್ನು ಅಗಲಿಸುವುದೇ ಎಂದು ನನಗೆ ಸಂಕಟವಾಯಿತು. ಅವರಿಬ್ಬರಿಗೂ ಆದಂತೆ ಕಾಣಲಿಲ್ಲ.

ತಂಗಿ ಫೋನಿನಲ್ಲಿ ಅತ್ತಳು. ಜನವರಿಯಿಂದ ಏಪ್ರಿಲ್‌ವರೆಗೆ ಏನು ಮಾಡುವುದೆಂಬ ಅವಳ ಕಷ್ಟ ನಿಜವಾದದ್ದೇ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಗಂಡ ಹೆಂಡತಿ ಪಾಳಿ ಹಾಕಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದಾರೆ. ನನ್ನ ಮೇಲೆ ಅವಳಿಗೆ ಇನ್ನೂ ಸಣ್ಣ ಮುನಿಸಿದೆ. ಅಮ್ಮನ ಮೇಲಿಲ್ಲ.

ಬಿಲ್ಡಿಂಗು ಫೆಬ್ರವರಿಗೆ ಖಾಲಿಯಾಗಬೇಕು. ನಮ್ಮ ಹಾಲಿನಲ್ಲಿ ಒಂದು ಸೋಫಾ ಕಮ್ ಬೆಡ್ ಬಂದಿದೆ, ಮಗ ಅದರ ಮೇಲೆ, ಅವನ ಮಂಚದ ಮೇಲೆ ಅಪ್ಪಯ್ಯ. ಮಗ ಮೂರು ದಿನ ಮುಖ ಊದಿಸಿಕೊಂಡಿದ್ದ, ಈಗ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕ್ರಿಕೆಟ್ ನೋಡುತ್ತಾರೆ. ಅಮ್ಮ ಹೊಸ ಕಾಲನಿರ್ಣಯ ಕ್ಯಾಲೆಂಡರಿನ ಏಪ್ರಿಲ್ ಪುಟದಲ್ಲಿ ಒಂದು ತಾರೀಕಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಾಳೆ. ಹೊಸ ಗುಳಿಗೆ ಶುರುವಾಗಿ ಅಂದಿಗೆ 180 ದಿನ. ಪೆನ್ನಿನಿಂದ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಡಾಕ್ಟರು ಮತ್ತೆ ಗುಳಿಗೆ ಬದಲಾಯಿಸಿದರೆ ಅಳಿಸಬೇಕಲ್ಲ ಎಂದಳು.