ಗೆಲವು ತೀರ್ಪಾದೀತೆ?

ನ್ಯಾಯದ ಪಕ್ಷವನ್ನು ಹಿಡಿದು ವಾದಿಸತಕ್ಕವನು ಜನರ ಬಾಗಿಲಿಗೆ ಹೋಗಿ ವೋಟು ಬೇಡಬಹುದೆ? ನಮ್ಮಲ್ಲಿ ಈ ಪ್ರಶ್ನೆಯು ಹುಟ್ಟುವುದಿಲ್ಲ. ರಾಜ್ಯಾಂಗದ 165ನೆಯ ವಿಧಿಯಂತೆ ಅಡ್ವೊಕೇಟ್ ಜನರಲ್‌ರವರನ್ನು ರಾಜ್ಯಪಾಲರು ನೇಮಿಸುತ್ತಾರೆ. ರಾಜ್ಯಪಾಲರ ಇಷ್ಟವಿರುವವರೆಗೆ ಅವರು ಅಧಿಕಾರದಲ್ಲಿರುತ್ತಾರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಾದರೋ, 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಎಂಬ ಅಧಿಕಾರಿಯನ್ನು ಪ್ರಜೆಗಳೇ ಆರಿಸುವರು.

ಮಿನ್ನೆಸೋಟ ರಾಜ್ಯದ ಸಂಗತಿಯನ್ನು ತೆಗೆದುಕೊಳ್ಳೋಣ. 2020ನೆಯ ಮೇ ತಿಂಗಳಲ್ಲಿ ಮಿನ್ನಿಯಾಪೊಲಿಸ್ ಪಟ್ಟಣದ ಬೀದಿಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬಾತನು ಪೋಲೀಸಿನವನ ಮೊಣಕಾಲಿನಡಿಯಲ್ಲಿ ಪ್ರಾಣಬಿಟ್ಟನು. ಆ ಮೊಕದ್ದಮೆಯನ್ನು ನಡೆಯಿಸುವ ಭಾರವನ್ನು ಗವರ್ನರು ಅಟಾರ್ನಿ ಜನರಲ್ ಕೀತ್ ಎಲಿಸನ್‌ರವರಿಗೆ ಒಪ್ಪಿಸಿದರು. 2021ರ ಏಪ್ರಿಲಿನಲ್ಲಿ ಜೂರಿಯು ಡೆರೆಕ್ ಶೋವಿನ್‌ನು ಕೊಲೆಗಾರನೆಂದು ನಿರ್ಣಯಿಸಿತು. ಇಪ್ಪತ್ತೆರಡೂವರೆ ವರ್ಷದ ಸೆರೆವಾಸವು ವಿಧಿಸಲ್ಪಟ್ಟಿತು. ಮರುವರ್ಷ ಅದೇ ಎಲಿಸನ್‌ರವರು ಪುನಃ ಉಮೇದುವಾರರಾಗಿ ಜನರ ಮುಂದೆ ನಿಂತರು. ಎದುರಾಳಿ ಜಿಮ್ ಶುಲ್ಟ್ಜ್ ಎಂಬ ವಕೀಲರು ಅಪರಾಧಗಳ ಹೆಚ್ಚಳವನ್ನೇ ಮುಖ್ಯ ವಿಷಯವನ್ನಾಗಿ ಮಾಡಿದರು. ವಿನೋದವೆಂದರೆ, ಆ ರಾಜ್ಯದಲ್ಲಿ ಸಾಧಾರಣ ಅಪರಾಧಗಳ ಮೊಕದ್ದಮೆಗಳು ಕೌಂಟಿಯ ವಕೀಲರಿಗೆ ಸೇರಿದುವು. ಬಳಕೆದಾರರು ಮೋಸಹೋಗದಂತೆ ನೋಡುವುದು, ಸರ್ಕಾರದ ವ್ಯಾಜ್ಯಗಳನ್ನು ನಡೆಯಿಸುವುದು, ಇವೇ ಅಟಾರ್ನಿ ಜನರಲ್‌ರ ನಿತ್ಯದ ಕೆಲಸಗಳಲ್ಲಿ ಮುಖ್ಯವಾದುವು. ಆದರೆ ಭಯಗೊಂಡ ಗೃಹಸ್ಥನು ಅಧಿಕಾರದ ಮೇರೆಗಳನ್ನು ಅಳೆಯುತ್ತ ಕೂರುವನೆ?

2022ರ ನವೆಂಬರ್ 8ರಂದು ಬಿದ್ದ ವೋಟುಗಳು ಸುಮಾರು 25 ಲಕ್ಷ. ಎಲಿಸನ್‌ರವರು ಗೆದ್ದುದು ಸುಮಾರು 21,000ದಿಂದ. ನೂರಕ್ಕೆ ಒಂದರಷ್ಟೂ ಅಂತರವಿಲ್ಲ.

ಈ ಗೆಲವು ಏನನ್ನು ಸಾಧಿಸಿತು? ಗೆದ್ದುದರಿಂದ ಅವರು ನಡೆಯಿಸಿದ ಮೊಕದ್ದಮೆಯು ಧರ್ಮ್ಯವೆಂದು ಸಿದ್ಧವಾಯಿತು ಎನ್ನುವವನು, ಸೋತಿದ್ದರೆ ಅಧರ್ಮವೆಂದು ಒಪ್ಪಲೂ ಸಿದ್ಧನಾಗಿರಬೇಕಷ್ಟೆ. ಹತ್ತು ಹನ್ನೊಂದು ಸಾವಿರ ಮಂದಿ ಮನಸ್ಸು ಬದಲಾಯಿಸಿದ್ದ ಮಾತ್ರಕ್ಕೆ ಹನ್ನೆರಡು ಜನ ಜೂರಿಗಳು ವಾರಗಟ್ಟಲೆ ಸಾಕ್ಷ್ಯ ಕೇಳಿ ಕೊಟ್ಟ ನಿರ್ಣಯವು ಸುಳ್ಳಾಗುತ್ತಿತ್ತೆ? ಹಾಗೆನ್ನಲು ಯಾರಿಗೂ ನಾಲಗೆ ಏಳದು. ಜನರು ತೂಗಿದುದು ಮನುಷ್ಯನನ್ನು. ನಾವು ವಕೀಲನನ್ನು ಗೊತ್ತುಮಾಡುವಾಗ ತೂಗುವಂತೆ. ಆದರೆ ಇಲ್ಲೊಂದು ತೊಡಕುಂಟು. ನಮ್ಮ ವಕೀಲನು ನಮ್ಮ ಪರವಾಗಿಯೇ ಮಾತನಾಡುವನು. ಪ್ರಜೆಗಳ ವಕೀಲನಾದರೋ ಒಮ್ಮೊಮ್ಮೆ ಪ್ರಜೆಗಳ ಇಚ್ಛೆಗೇ ಎದುರಾಗಿ ನಿಲ್ಲಬೇಕಾಗುವುದು.

ಹಾಗಾದರೆ ನೇಮಕದ ಪದ್ಧತಿಯೇ ಲೇಸೆಂದು ನಾನು ಬಹುಕಾಲ ನಂಬಿದ್ದೆನು. ಈಗ ಅಷ್ಟು ಧೈರ್ಯವಿಲ್ಲ. ನೇಮಿಸಿದವರ ಮುನಿಸು ಯಾವ ದಿನ ಬೇಕಾದರೂ, ಮುಚ್ಚಿದ ಬಾಗಿಲೊಳಗೆ ಬರಬಹುದು. ಪ್ರಜೆಗಳ ಮುನಿಸಾದರೋ ನಾಲ್ಕು ವರ್ಷಕ್ಕೊಮ್ಮೆ, ಎಲ್ಲರಿಗೂ ತಿಳಿದ ತಾರೀಖಿನಂದು, ಬಯಲಿನಲ್ಲಿ ಬರುತ್ತದೆ. ನಡುವಣ ಕಾಲದಲ್ಲಿ ಮನಸ್ಸಾಕ್ಷಿಗೆ ಸ್ವಲ್ಪ ಅವಕಾಶವುಂಟು.

ಆ ಅವಕಾಶವೂ ಸಮನಾಗಿಲ್ಲ. ಫ್ಲಾಯ್ಡನ ಮೊಕದ್ದಮೆಯು ಎಲಿಸನ್‌ರವರ ಕೈಸೇರಿದುದು ಅವರ ಅಧಿಕಾರದ ಎರಡನೆಯ ವರ್ಷದಲ್ಲಿ, ಚುನಾವಣೆಗೆ ಇನ್ನೂ ಎರಡು ವರ್ಷಕ್ಕೂ ಮಿಕ್ಕ ಕಾಲವಿದ್ದಾಗ. ಅದೇ ಮೊಕದ್ದಮೆಯು 2022ರ ಅಕ್ಟೋಬರಿನಲ್ಲಿ ಬಂದಿದ್ದರೆ, ಅದೇ ಕೈ ಅಷ್ಟೇ ನಿರ್ಭಯವಾಗಿ ಅದನ್ನು ಎತ್ತಿಕೊಳ್ಳುತ್ತಿತ್ತೆ? ವೋಟು ಹಾಕಿದ 25 ಲಕ್ಷ ಮಂದಿಯಲ್ಲಿ ಒಬ್ಬರಿಗೂ ಅದು ತಿಳಿಯುವಂತಿರಲಿಲ್ಲ.