ಕೊಡಬಹುದಿತ್ತು ಎಂದರೆ ಕೊಟ್ಟಂತಲ್ಲ

ತುಮಕೂರು ಜಿಲ್ಲೆಯ ಗುಬ್ಬಿ ಸೀಮೆಯಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಹೆಂಗಸರು ಸಾಲಾಗಿ ಕೂತು, ಕತ್ತಿಯ ಅಲಗಿಗೆ ಕಾಯಿ ಒತ್ತಿ ಸುಲಿಯುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಆ ಅಡಿಕೆಯ ಧಾರಣೆಗೆ ದೆಹಲಿಯ ನಂಟೂ ಇದೆ: 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ವ್ಯಾಪಾರ ನೀತಿಗೂ ದುಡಿಯುವವರ ಬದುಕಿಗೂ ಇರುವ ಇಂಥ ನಂಟನ್ನು ಅರ್ಥಶಾಸ್ತ್ರದ ಸಂಶೋಧಕರು ಅಳೆಯುತ್ತಾರೆ. ಅವರ ಲೆಕ್ಕದ ಬುಡದಲ್ಲಿರುವುದು ಧರ್ಮದ ಪ್ರಶ್ನೆ: ನಾಡಿಗೆ ಲಾಭವಾಗುವ ನೀತಿಯಿಂದ ಕೆಲವರ ಕೆಲಸ ಹೋದರೆ, ಗೆದ್ದವರು ಅವರಿಗೆ ಬಾಕಿದಾರರೇ?

ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ 1939ರಲ್ಲಿ ಒಂದು ಅಳತೆಗೋಲು ಕೊಟ್ಟರು. ಸೋತವರ ನಷ್ಟ ತುಂಬಿಕೊಟ್ಟ ಮೇಲೂ ಗೆದ್ದವರಲ್ಲಿ ಲಾಭ ಉಳಿಯುವಂತಿದ್ದರೆ ನೀತಿ ಒಳ್ಳೆಯದೇ. ನಿಜವಾಗಿ ತುಂಬಿಕೊಡಬೇಕೇ ಎಂಬುದು ರಾಜಕೀಯಕ್ಕೆ ಬಿಟ್ಟದ್ದು ಎಂದರು. ಈ ಅಳತೆಗೋಲನ್ನು ನಾನು ಒಪ್ಪಲಾರೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಪಂಕ್ತಿಗೆ ಕೂತ ಮಗುವಿನ ಹೊಟ್ಟೆ ತುಂಬುವುದು ತಟ್ಟೆಗೆ ಬಿದ್ದ ಮುದ್ದೆಯಿಂದ, ಬಡಿಸಬಹುದಾಗಿದ್ದ ಮುದ್ದೆಯಿಂದಲ್ಲ. ವಚನಕಾರ ಶರಣರು ದಾನವನ್ನು ಬಿಟ್ಟು ದಾಸೋಹ ಎಂದದ್ದಕ್ಕೆ ಕಾರಣವಿದೆ. ದಾನದಲ್ಲಿ ಕೊಡುವವನ ದೊಡ್ಡಸ್ತಿಕೆ ಉಳಿಯುತ್ತದೆ. ದಾಸೋಹದಲ್ಲಿ ತನ್ನದಲ್ಲದ್ದನ್ನು ಹಿಂದಕ್ಕೆ ಒಪ್ಪಿಸುವುದಷ್ಟೇ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಿ ಬಾ ಎಂದಳು. ಆ ಹೆಚ್ಚಳ ತಮ್ಮದಲ್ಲ ಎಂದು ಅವಳಿಗೆ ಸ್ಪಷ್ಟವಿತ್ತು.

ಒಂದು ಕಡೆ ಕೆಲಸ ಹೋದರೆ ಇನ್ನೊಂದು ಕಡೆ ಸಿಗುತ್ತದೆ, ತುಮಕೂರು ಬಳಿಯ ವಸಂತನರಸಾಪುರದಲ್ಲಿ ಕಾರ್ಖಾನೆಗಳಿಲ್ಲವೇ, ಗುಬ್ಬಿ ತಾಲ್ಲೂಕಿನಲ್ಲೇ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಲಿಲ್ಲವೇ ಎನ್ನುವವರಿದ್ದಾರೆ. ಆದರೆ ಅಡಿಕೆ ಸುಲಿದ ಕೈಗೆ ಅಲ್ಲಿನ ಗೇಟು ತಾನಾಗಿ ತೆರೆಯುವುದಿಲ್ಲ. 1991ರ ನಂತರ ಭಾರತ ಮಾಡಿದ ಆಮದು ಸುಂಕ ಕಡಿತವನ್ನು ಜಿಲ್ಲೆ ಜಿಲ್ಲೆಗೂ ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞೆ ಪೆಟಿಯಾ ಟೊಪಲೋವಾ, ಹೆಚ್ಚು ಪೆಟ್ಟು ತಿಂದ ಗ್ರಾಮೀಣ ಜಿಲ್ಲೆಗಳಲ್ಲಿ ಬಡತನ ಉಳಿದೆಡೆಗಿಂತ ನಿಧಾನವಾಗಿ ತಗ್ಗಿದ್ದನ್ನು ತೋರಿಸಿದರು. ಜನ ಊರನ್ನೂ ಕಸುಬನ್ನೂ ಅಷ್ಟು ಸುಲಭವಾಗಿ ಬದಲಿಸಿರಲಿಲ್ಲ. ಹಾಗಾದರೆ ಸುಂಕದ ಗೋಡೆಯನ್ನೇ ಎತ್ತರಿಸೋಣವೇ? ಅದು ಮೊದಲು ಕಾಯುವುದು ತೋಟದ ಯಜಮಾನನನ್ನು. ಧಾರಣೆ ಏರಿತೆಂದು ಸುಲಿಯುವವಳ ಕೂಲಿಯೂ ಏರಬೇಕೆಂಬ ಕಟ್ಟುಪಾಡೇನಿಲ್ಲ.

ನಷ್ಟ ತುಂಬಿಕೊಡಲೇಬೇಕು ಎಂಬುದಕ್ಕೆ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ದಾಸೋಹಕ್ಕೆ ಭಕ್ತರು ಮನಸಾರೆ ತಂದೊಪ್ಪಿಸುವ ಅಕ್ಕಿ ಬೇಳೆಗೂ ಸರ್ಕಾರ ಕಿತ್ತುಕೊಳ್ಳುವ ತೆರಿಗೆಗೂ ಎಲ್ಲಿಯ ಹೋಲಿಕೆ? ಮನಸ್ಸಿಲ್ಲದ ದಾಸೋಹ ದಾಸೋಹವಲ್ಲ, ನಿಜ. ಆದರೆ ಮನಸ್ಸು ಕೊಡುವವರ ಸಾಧನೆಗೆ ಸೇರಿದ ಮಾತು. ಪಡೆಯಬೇಕಾದವಳ ಹಕ್ಕು ಆ ಮನಸ್ಸು ಹದಕ್ಕೆ ಬರುವವರೆಗೆ ಕಾಯಬೇಕಿಲ್ಲ. ಸುಂಕ ಇಳಿಸುವ ಆದೇಶದಲ್ಲೇ, ಅದೇ ತಾರೀಖಿನಿಂದ ಜಾರಿಯಾಗುವಂತೆ, ಅವಳ ಪಾಲನ್ನೂ ಬರೆಯಬೇಕು.